ನೂತನ ನಿರ್ಮಾಣದ ಕ್ರಮವೂ ಭದ್ರಾವತಿಯ ಪಾಠವೂ

ಭದ್ರಾವತಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆ ದೇವರ ಕಥೆಯಾದರೋ ಮನೆಮನೆಯ ಮಕ್ಕಳಿಗೂ ಗೊತ್ತಿರುವುದು. ಹಗಲಿನಲ್ಲಾಗಲಿ ಇರುಳಿನಲ್ಲಾಗಲಿ, ಮನೆಯ ಒಳಗಾಗಲಿ ಹೊರಗಾಗಲಿ, ನೆಲದ ಮೇಲಾಗಲಿ ಆಕಾಶದಲ್ಲಾಗಲಿ, ಮನುಷ್ಯನಿಂದಾಗಲಿ ಮೃಗದಿಂದಾಗಲಿ ತನಗೆ ಮರಣ ಬಾರದಿರಲೆಂದು ಹಿರಣ್ಯಕಶಿಪು ವರ ಬೇಡಿದನು. ಎಲ್ಲ ಬಾಗಿಲುಗಳೂ ಮುಚ್ಚಿದುವೆಂದು ನಂಬಿದನು. ಆದರೆ ಹಗಲೂ ಇರುಳೂ ಅಲ್ಲದ ಸಂಜೆಯಿತ್ತು. ಒಳಗೂ ಹೊರಗೂ ಅಲ್ಲದ ಹೊಸಿಲಿತ್ತು. ನೆಲವೂ ಆಕಾಶವೂ ಅಲ್ಲದ ತೊಡೆಯಿತ್ತು. ನರನೂ ಮೃಗವೂ ಅಲ್ಲದ ರೂಪವಿತ್ತು. ಭಕ್ತರು ಇದರಲ್ಲಿ ಭಗವಂತನ ಕರುಣೆಯನ್ನು ಕಾಣುವರು. ಅದು ಯೋಗ್ಯವೇ ಸರಿ. ಆದರೆ ಯಂತ್ರಶಾಲೆಯಲ್ಲಿ ದುಡಿಯುವವನಿಗೆ ಇದರಲ್ಲಿ ಇನ್ನೊಂದು ಪಾಠವೂ ಉಂಟು. ವರದ ಒಂದು ಷರತ್ತೂ ಇಲ್ಲಿ ಮುರಿಯಲಿಲ್ಲ. ಅರ್ಧ ಅವನಿಗೆ ಅರ್ಧ ನಮಗೆ ಎಂಬ ರಾಜಿಯೂ ಆಗಲಿಲ್ಲ. ಎದುರುಬದುರಾದ ಷರತ್ತುಗಳನ್ನೆಲ್ಲ ಪೂರ್ತಿಯಾಗಿ ಒಪ್ಪಿಕೊಂಡು, ಅವುಗಳ ನಡುವೆಯೇ ಹಾದಿಯನ್ನು ಕಂಡುಕೊಂಡುದಾಯಿತು.

ಈ ದೇವಾಲಯದ ಊರಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಆ ಹೆಸರು ಸಾರ್ಥಕವಾಗುವಂತೆ 1923ರ ಜನವರಿಯಲ್ಲಿ ಭದ್ರಾ ನದಿಯ ದಡದಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. ಸರಿಯಾಗಿ ನೂರು ವರ್ಷಗಳ ಬಳಿಕ, 2023ರ ಜನವರಿಯಲ್ಲಿ, ಅದೇ ಕಾರ್ಖಾನೆಯನ್ನು ಮುಚ್ಚಬೇಕೆಂಬ ತೀರ್ಮಾನವನ್ನು ಭಾರತೀಯ ಉಕ್ಕು ಪ್ರಾಧಿಕಾರವು ಕೈಗೊಂಡಿತು. ಕಾರ್ಮಿಕರು ಬೀದಿಗಿಳಿದರು; ನಾಡು ಮರುಗಿತು; ಅದೇ ವರ್ಷ ಕಾರ್ಖಾನೆಯ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತು. 1936ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಾದರೋ ಅದಕ್ಕೂ ಮೊದಲೇ ನಿಂತುಹೋಗಿದ್ದಿತು. ಇವುಗಳ ಆಡಳಿತದ ತಪ್ಪುಒಪ್ಪುಗಳನ್ನು ತೂಗುವುದು ಇಂದಿನ ನಮ್ಮ ಉದ್ದೇಶವಲ್ಲ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣವನ್ನು ಕರಗಿಸಿದ ಆ ಬುದ್ಧಿ ಎಂತಹುದು? ಅದು ಒಬ್ಬ ಮಹಾಪುರುಷನೊಡನೆ ಬಂದು ಅವನೊಡನೆಯೇ ಹೋಗತಕ್ಕುದೋ, ಅಥವಾ ಕಲಿಯಲೂ ಕಲಿಸಲೂ ಬರತಕ್ಕುದೋ? ಇದೊಂದೇ ಪ್ರಶ್ನೆಯನ್ನು ವಾಚಕರ ಮುಂದಿಡುವೆವು.

ಕಲಿಯಲು ಬರುವುದೆಂಬುದೇ ನಮ್ಮ ಅಭಿಪ್ರಾಯ. ಹೀಗೆನ್ನಲು ಕಾರಣವುಂಟು.

ಸೆರೆಮನೆ ಕಂಡ ಶಾಸ್ತ್ರ

ಗೆನ್ರಿಖ್ ಅಲ್ಟ್‌ಶುಲ್ಲರ್ ಎಂಬ ತರುಣನು ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಸೋವಿಯತ್ ದೇಶದ ಬಾಕು ನಗರದಲ್ಲಿ, ನೌಕಾಪಡೆಗೆ ಸೇರಿದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದನು. ಹೊಸ ವಸ್ತುಗಳನ್ನು ಕಂಡುಹಿಡಿದವರ ಅರ್ಜಿಗಳನ್ನು ಓದುವುದೂ, ಅವರಿಗೆ ನೆರವಾಗುವುದೂ ಅವನ ಪಾಲಿನ ಕೆಲಸ. ಹಾಗೆ ಓದುತ್ತಾ ಹೋದಂತೆ ಅವನಿಗೊಂದು ವಿಷಯ ಹೊಳೆಯಿತು. ಗಣಿಯ ಯಂತ್ರವಾಗಲಿ, ಹಡಗಿನ ತಳವಾಗಲಿ, ಗಡಿಯಾರದ ಚಕ್ರವಾಗಲಿ, ವಸ್ತು ಬೇರೆಬೇರೆಯಾದರೂ ಅವುಗಳ ಹಿಂದಿದ್ದ ಯುಕ್ತಿಗಳು ಮಾತ್ರ ಮತ್ತೆಮತ್ತೆ ಅವೇ ಆಗಿದ್ದುವು. 1946ರಿಂದ ಅವನು ಈ ಯುಕ್ತಿಗಳನ್ನು ಹೆಕ್ಕಿ ವಿಂಗಡಿಸತೊಡಗಿದನು. ದೇಶದಲ್ಲಿ ನೂತನ ನಿರ್ಮಾಣದ ಕೆಲಸ ಅವ್ಯವಸ್ಥೆಯಿಂದ ಕೂಡಿದೆಯೆಂದು 1948ರಲ್ಲಿ ಗೆಳೆಯ ಶಪೀರೊ ಎಂಬವನೊಡಗೂಡಿ ಸ್ಟಾಲಿನ್ನನಿಗೇ ಪತ್ರ ಬರೆದನು. ಅದಕ್ಕೆ ದೊರೆತ ಉತ್ತರ ಸೆರೆವಾಸ. 1950ರಲ್ಲಿ ಬಂಧಿತನಾಗಿ, ಇಪ್ಪತ್ತೈದು ವರ್ಷಗಳ ಶಿಕ್ಷೆಗೆ ಗುರಿಯಾಗಿ, ಉತ್ತರ ಧ್ರುವವೃತ್ತದಾಚೆಯ ವೊರ್ಕುತಾ ಶಿಬಿರವನ್ನು ಕಂಡನು. ಸ್ಟಾಲಿನ್ನನು ತೀರಿಕೊಂಡ ಮರುವರ್ಷ, 1954ರಲ್ಲಿ, ಬಿಡುಗಡೆಯಾಯಿತು. 1956ರಲ್ಲಿ ಆ ಗೆಳೆಯನೊಡನೆ ತನ್ನ ಮೊದಲ ಪ್ರಬಂಧವನ್ನು ಪ್ರಕಟಿಸಿದನು. ಆತ ಕಟ್ಟಿದ ಶಾಸ್ತ್ರಕ್ಕೆ ರಷ್ಯನ್ ಹೆಸರಿನ ಮೊದಲಕ್ಷರಗಳಿಂದ ‘ಟ್ರಿಜ್’ ಎಂಬ ಹೆಸರು ಬಂದಿದೆ. ನೂತನ ನಿರ್ಮಾಣದ ಸಮಸ್ಯೆಗಳನ್ನು ಬಿಡಿಸುವ ಶಾಸ್ತ್ರವೆಂದು ಅದರ ಅರ್ಥ. 1998ರಲ್ಲಿ ಆತ ತೀರಿಕೊಳ್ಳುವ ವೇಳೆಗೆ ಅದು ಅಮೆರಿಕೆಯನ್ನು ಮುಟ್ಟಿತ್ತು; ಮುಂದೆ ಕೊರಿಯದ ದೊಡ್ಡ ಕಾರ್ಖಾನೆಗಳೂ ಅದನ್ನು ತಮ್ಮ ಯಂತ್ರಶಿಲ್ಪಿಗಳಿಗೆ ಕಲಿಸಿದುವು.

ಶಾಸ್ತ್ರದ ತಿರುಳು ಕಠಿಣವಾದುದಲ್ಲ. ಯಾವುದಾದರೊಂದು ವಸ್ತುವನ್ನು ಉತ್ತಮಪಡಿಸಹೊರಟಾಗ ಒಂದು ಗುಣ ಹೆಚ್ಚಿದರೆ ಇನ್ನೊಂದು ಕೆಡುವುದು. ಗಾಡಿಯನ್ನು ಗಟ್ಟಿಮಾಡಿದರೆ ತೂಕ ಹೆಚ್ಚುವುದು. ತೂಕವಿಳಿಸಿದರೆ ಗಟ್ಟಿತನ ಹೋಗುವುದು. ಇದಕ್ಕೆ ಆತ ವಿರೋಧವೆಂದು ಹೆಸರಿಟ್ಟನು. ಸಾಮಾನ್ಯನು ಇಲ್ಲಿ ನಡುದಾರಿ ಹಿಡಿದು, ಇಷ್ಟು ಗಟ್ಟಿ ಅಷ್ಟು ಹಗುರವೆಂದು ರಾಜಿಮಾಡಿಕೊಳ್ಳುವನು. ನಿಜವಾದ ನಿರ್ಮಾಪಕನಾದರೋ ವಿರೋಧವನ್ನೇ ಕಿತ್ತೊಗೆಯುವನು. ಹಾಗೆ ಕಿತ್ತೊಗೆಯುವ ಯುಕ್ತಿಗಳನ್ನು ಆತ 40 ಸೂತ್ರಗಳಾಗಿ ಹೊಂದಿಸಿದನು. ವಸ್ತುವನ್ನು ತುಂಡುಗಳಾಗಿ ಒಡೆ, ಒಂದರೊಳಗೊಂದನ್ನು ಇಡು, ಬೇಕಾದುದನ್ನು ಮುಂಚಿತವಾಗಿಯೇ ಮಾಡಿಟ್ಟುಕೊ, ಕೆಡುಕನ್ನೇ ಒಳಿತಾಗಿ ತಿರುಗಿಸು, ಬಗೆಬಗೆಯ ಪದಾರ್ಥಗಳನ್ನು ಕೂಡಿಸಿ ಬಳಸು ಎಂಬಂತಹ ಮಾತುಗಳು ಅವು. ಒಂದೇ ವಸ್ತು ಬಿಸಿಯಾಗಿಯೂ ತಣ್ಣಗೂ ಇರಬೇಕೆಂಬಷ್ಟು ತೀವ್ರವಾದ ವಿರೋಧ ಬಂದಾಗ, ಆ ಎರಡನ್ನೂ ಕಾಲದಿಂದಲೋ ಸ್ಥಳದಿಂದಲೋ ಬೇರ್ಪಡಿಸೆಂದು ಆತ ಹೇಳಿದನು. ನರಸಿಂಹನ ಸಂಜೆ ಹೊಸಿಲುಗಳು ವಾಚಕರ ನೆನಪಿಗೆ ಬಂದರೆ ನಮ್ಮ ಪೀಠಿಕೆ ಸಾರ್ಥಕವಾಯಿತು.

ಪ್ರತಿಭೆಯನ್ನು ಸೂತ್ರಕ್ಕೆ ಕಟ್ಟಲಾದೀತೆ ಎಂದು ಕೆಲವರು ನಗಬಹುದು. ಕನ್ನಡಿಗರು ಮಾತ್ರ ಹೀಗೆ ನಗಬಾರದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಮಾಡಿದುದಾದರೂ ಏನು? ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಆಯ್ದು, ಅವುಗಳೊಳಗೆ ಅಡಗಿದ್ದ ನಿಯಮಗಳನ್ನು ಹೊರತೆಗೆದು, ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಕಟ್ಟಿದನು. ಆ ವ್ಯಾಕರಣವನ್ನೋದಿದ ಮಾತ್ರಕ್ಕೆ ಯಾರೂ ಪಂಪನಾಗಲಾರರು. ಆದರೆ ವ್ಯಾಕರಣವಿರುವ ಭಾಷೆಯಲ್ಲಿ ಸಾಮಾನ್ಯನೂ ತಪ್ಪಿಲ್ಲದೆ ಬರೆಯಬಲ್ಲನು. ಹಿರಿಯನ ದುಡಿಮೆ ಕಿರಿಯನಿಗೆ ಬಳುವಳಿಯಾಗಿ ಬರುವುದು. ಕೇಶಿರಾಜನು ಕಾವ್ಯಗಳನ್ನು ಓದಿ ಮಾಡಿದುದನ್ನು ಅಲ್ಟ್‌ಶುಲ್ಲರನು ಪೇಟೆಂಟುಗಳನ್ನು ಓದಿ ಮಾಡಿದನು. ಇದು ಯಂತ್ರಗಳ ವ್ಯಾಕರಣ.

ಬೆಂಕಿಪುರದ ಲೆಕ್ಕ

ಈ ವ್ಯಾಕರಣವನ್ನು ಕೈಯಲ್ಲಿ ಹಿಡಿದು ನಮ್ಮ ಭದ್ರಾವತಿಯ ಚರಿತ್ರೆಯನ್ನೊಮ್ಮೆ ಓದೋಣ.

1918ರಲ್ಲಿ ಮೈಸೂರು ಸರ್ಕಾರವು ಈ ಕಾರ್ಖಾನೆಗೆ ಒಪ್ಪಿಗೆಯಿತ್ತಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭದ್ರಾವತಿಯ ಹತ್ತಿರದಲ್ಲೇ ಸುಣ್ಣದ ಕಲ್ಲಿತ್ತು, ಭದ್ರೆಯ ನೀರಿತ್ತು. ಇಲ್ಲದಿದ್ದುದು ಕಲ್ಲಿದ್ದಲು ಒಂದೇ. ಕಬ್ಬಿಣ ಕರಗಿಸಲು ತಕ್ಕ ಕಲ್ಲಿದ್ದಲು ದೊರೆಯುತ್ತಿದ್ದುದು ಝರಿಯಾದ ಕಡೆ, ರೈಲಿನಲ್ಲಿ ಸಾವಿರ ಮೈಲಿಗೂ ಮೀರಿದ ದೂರದಲ್ಲಿ. ಅಲ್ಲಿಂದ ತರಿಸಿದರೆ ಕಬ್ಬಿಣದ ಬೆಲೆ ಏರುವುದು. ತರಿಸದಿದ್ದರೆ ಕಬ್ಬಿಣವೇ ಇಲ್ಲ. ಇದು ಮೊದಲನೆಯ ವಿರೋಧ.

ಮಲೆನಾಡಿನ ಕಾಡಿನ ಮರದಿಂದ ಇದ್ದಿಲನ್ನು ಮಾಡಿ ಕುಲುಮೆಗೆ ಹಾಕುವುದೆಂದು ನಿಶ್ಚಯವಾಯಿತು. ಇಷ್ಟು ಯಾರಿಗಾದರೂ ಹೊಳೆಯಬಹುದಾದುದೇ. ಹಿಂದಿನ ಕಮ್ಮಾರರೂ ಇದ್ದಿಲನ್ನೇ ಬಳಸಿದವರು. ಆದರೆ ಗುಂಡಿಯಲ್ಲಿ ಸುಟ್ಟ ಇದ್ದಿಲು ದುಬಾರಿ. ಮರದ ಸಾರದಲ್ಲಿ ಬಹುಪಾಲು ಹೊಗೆಯಾಗಿ ಆಕಾಶಕ್ಕೇರುವುದು. ಆ ಹೊಗೆಯನ್ನೇ ಹಿಡಿದರೆ? ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ, ಹೊರಬರುವ ಆವಿಯನ್ನು ತಣಿಸಿ, ಅದರಿಂದ ಮರದ ಮದ್ಯಸಾರವನ್ನೂ, ಸುಣ್ಣದ ಅಸಿಟೇಟನ್ನೂ, ಡಾಂಬರನ್ನೂ ತೆಗೆಯುವ ಯಂತ್ರಸ್ಥಾವರವನ್ನು ಭದ್ರಾವತಿಯಲ್ಲಿ ಹೂಡಿದರು. ಅದುದರಿಂದಲೇ ಕಾರ್ಖಾನೆಯ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಬಟ್ಟಿ ಇಳಿಸುವಿಕೆಯ ಮಾತು ಬಂದಿತು. ಇದ್ದಿಲಿನ ವೆಚ್ಚದಲ್ಲಿ ಒಂದು ಪಾಲನ್ನು ಈ ಉಪವಸ್ತುಗಳು ಹೊರಬೇಕೆಂಬುದು ಅವರ ಲೆಕ್ಕ. ನಷ್ಟವಾಗಿ ಹೋಗುವುದನ್ನೇ ಲಾಭವಾಗಿ ತಿರುಗಿಸೆಂಬ ಸೂತ್ರವನ್ನು ಬಾಕುವಿನ ತರುಣನು ಬರೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಬೆಂಕಿಪುರವು ಆಚರಿಸಿ ತೋರಿಸಿತ್ತು. ಇನ್ನೊಂದು ಲಾಭವೂ ತಾನಾಗಿ ಒದಗಿತು. ಇದ್ದಿಲಿನಲ್ಲಿ ಗಂಧಕ ಬಹಳ ಕಡಮೆಯಾದುದರಿಂದ ಅದರಿಂದ ಬಂದ ಬೀಡು ಕಬ್ಬಿಣವು ಉತ್ತಮ ಜಾತಿಯದಾಯಿತು.

ಕುಲುಮೆ ಹೊತ್ತಿದ ಕಾಲ ಒಳ್ಳೆಯದಾಗಿರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಜಗತ್ತಿನಲ್ಲೆಲ್ಲ ಕುಸಿದಿತ್ತು. ಕಾರ್ಖಾನೆ ದಂಡವೆಂದು ಹಳಿಯುವವರು ಸಂಸ್ಥಾನದಲ್ಲೇ ಹುಟ್ಟಿಕೊಂಡರು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಮರಳಿ ಬಂದು, ಹೊರದೇಶದವರ ಸ್ಥಾನದಲ್ಲಿ ನಾಡಿನ ತರುಣರನ್ನು ತರಬೇತಿಗೊಳಿಸಿ ನಿಲ್ಲಿಸಿದರು. ಬೀಡು ಕಬ್ಬಿಣವನ್ನು ಬಂದ ಬೆಲೆಗೆ ಹೊರಗೆ ಕಳುಹಿಸುವುದರ ಬದಲು ಅದನ್ನು ಇಲ್ಲಿಯೇ ಕೊಳವೆಗಳಾಗಿ ಎರಕಹೊಯ್ಯುವ ಉದ್ಯಮ ಬೆಳೆಯಿತು. 1936ರಲ್ಲಿ ಉಕ್ಕು ಬಂದಿತು. 1938ರಲ್ಲಿ ಸಿಮೆಂಟು ಬಂದಿತು. ಒಂದು ವಸ್ತು ಹುಟ್ಟಿಸಿದ ತೊಡಕನ್ನು ಇನ್ನೊಂದು ವಸ್ತುವಿನಿಂದ ಬಿಡಿಸುತ್ತಾ ಹೋದ ಚರಿತ್ರೆಯಿದು.

ಎಲ್ಲಕ್ಕಿಂತ ಮನೋಹರವಾದ ಹೆಜ್ಜೆ 1952ರದು. ಊದುಕುಲುಮೆಯಲ್ಲಿ ಇದ್ದಿಲು ಮಾಡುವ ಕೆಲಸ ಒಂದಲ್ಲ, ಎರಡು. ತಾನು ಉರಿದು ಶಾಖವನ್ನು ಕೊಡುವುದು ಒಂದು; ಅದಿರಿನೊಡನೆ ಕೂಡಿಕೊಂಡಿರುವ ಆಮ್ಲಜನಕವನ್ನು ಸೆಳೆದುಕೊಂಡು ಲೋಹವನ್ನು ಬಿಡಿಸುವುದು ಇನ್ನೊಂದು. ಎರಡನೆಯದಕ್ಕೆ ಇಂಗಾಲವೇ ಬೇಕು. ಮೊದಲನೆಯದಕ್ಕೆ ಇಂಗಾಲವೇ ಆಗಬೇಕೆಂದಿಲ್ಲ. ಶರಾವತಿಯ ನೀರಿನಿಂದ 1948ರಲ್ಲಿ ಜೋಗದ ವಿದ್ಯುತ್ತು ದೊರೆತ ಬಳಿಕ, ನಾರ್ವೆ ದೇಶದ ಮಾದರಿಯ ವಿದ್ಯುತ್ ಕುಲುಮೆಗಳು ಭದ್ರಾವತಿಗೆ ಬಂದುವು. ಶಾಖದ ಭಾರವನ್ನು ವಿದ್ಯುತ್ತು ಹೊತ್ತಿತು. ಇಂಗಾಲಕ್ಕೆ ಲೋಹವನ್ನು ಬಿಡಿಸುವ ಕೆಲಸವೊಂದೇ ಉಳಿಯಿತು. ಒಂದು ಟನ್ನು ಕಬ್ಬಿಣಕ್ಕೆ ಬೇಕಾಗುವ ಇದ್ದಿಲು ಬಹಳ ಇಳಿಯಿತು. ಒಂದೇ ವಸ್ತುವಿನ ಹೆಗಲ ಮೇಲಿದ್ದ ಎರಡು ಕೆಲಸಗಳನ್ನು ಬಿಡಿಸಿ ನೋಡಿದುದೇ ಇಲ್ಲಿಯ ಗುಟ್ಟು. ಕಣ್ಣು ತೆರೆದು ನೋಡುವವರೆಗೆ ಇದ್ದಿಲು ಬರಿಯ ಇದ್ದಿಲು. ನೋಡಿದ ಮೇಲೆ ಅದು ಎರಡು ಕೂಲಿಗಳನ್ನು ಒಬ್ಬನೇ ಮಾಡುತ್ತಿರುವ ಆಳು.

ಲೆಕ್ಕಕ್ಕೆ ಬಾರದ ಕಾಡು

ಆದರೆ ಹೊಗಳಿಕೆಯಲ್ಲಿಯೇ ಲೇಖನವನ್ನು ಮುಗಿಸುವುದು ಪ್ರಾಮಾಣಿಕತೆಯಾಗದು. ಇದ್ದಿಲಿನ ಕುಲುಮೆಗೆ ಮಲೆನಾಡಿನ ಕಾಡು ಆಹುತಿಯಾಗುತ್ತಿದ್ದುದೂ ಸತ್ಯವೇ. ಕಡಿದಷ್ಟೂ ಮತ್ತೆ ಬೆಳೆಯುವುದೆಂಬ ನಂಬಿಕೆಯ ಮೇಲೆ ಮೂಲದ ಲೆಕ್ಕ ನಿಂತಿತ್ತು. ಬೆಳೆದ ಕಾಡು ಕಡಿದ ಕಾಡೇ ಅಲ್ಲವೆಂಬುದು, ಹಳ್ಳದ ನೀರೂ, ಜೇನೂ, ಹಕ್ಕಿಯೂ ಆ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡಲಿಲ್ಲವೆಂಬುದು, ನಮಗೆ ತಡವಾಗಿ ತಿಳಿಯಿತು. ಕಾರ್ಖಾನೆಯ ಒಳಗಿನ ವಿರೋಧವನ್ನು ಕಾರ್ಖಾನೆಯ ಹೊರಗಿನ ಕಾಡಿನ ಮೇಲೆ ಹೊರಿಸಿದುದು ಅಲ್ಲಿ ನಡೆದ ಲೋಪ. ಯಂತ್ರವೊಂದನ್ನು ಸುಧಾರಿಸುವಾಗ, ಅದು ಯಾವ ದೊಡ್ಡ ವ್ಯವಸ್ಥೆಯ ಅಂಗವೋ ಅದನ್ನೂ, ಅದರ ನಿನ್ನೆ ನಾಳೆಗಳನ್ನೂ ನೋಡಬೇಕೆಂದು ಟ್ರಿಜ್ ಶಾಸ್ತ್ರವು ವಿಧಿಸುತ್ತದೆ. ಈ ವಿಧಿಯ ಬೆಲೆಯನ್ನು ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಬಲ್ಲವರು ಯಾರು?

ಕಾರ್ಖಾನೆಯು ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿತು. ವಿಶೇಷ ಜಾತಿಯ ಉಕ್ಕಿಗೆ ಹೆಸರಾಯಿತು. 1989ರಲ್ಲಿ ಉಕ್ಕು ಪ್ರಾಧಿಕಾರದ ಕೈಸೇರಿತು. ಸ್ವಂತ ಅದಿರಿನ ಗಣಿಯಿಲ್ಲದುದೂ, ದೊಡ್ಡ ಕಾರ್ಖಾನೆಗಳ ಬೆಲೆಯೊಡನೆ ಸೆಣಸಬೇಕಾದುದೂ ಅದರ ಕಷ್ಟಗಳೆಂದು ಎಲ್ಲರೂ ಹೇಳುವರು. ಈ ಕಷ್ಟಗಳು ನಿಜವೇ. ಆದರೆ 1918ರಲ್ಲಿಯೂ ಕಷ್ಟವಿತ್ತಷ್ಟೆ? ಆಗಿನವರು ‘ಕಲ್ಲಿದ್ದಲಿಲ್ಲ’ ಎಂಬ ವಾಕ್ಯವನ್ನು ಪೂರ್ಣವಿರಾಮದಿಂದ ಮುಗಿಸದೆ ಪ್ರಶ್ನೆಯ ಚಿಹ್ನೆಯಿಂದ ಮುಗಿಸಿದರು. ‘ಗಣಿಯಿಲ್ಲ, ಬಂಡವಾಳವಿಲ್ಲ, ಆದುದರಿಂದ ಮುಚ್ಚಿರಿ’ ಎಂಬುದು ಪೂರ್ಣವಿರಾಮದ ಮಾತು. ‘ದೊಡ್ಡವರು ಟನ್ನುಗಟ್ಟಲೆ ಮಾಡುವುದನ್ನು ಬಿಟ್ಟು, ಕಡಮೆ ಅದಿರಿನಲ್ಲಿ ಹೆಚ್ಚು ಬೆಲೆ ಬಾಳುವ ಯಾವ ಉಕ್ಕನ್ನು ಸಣ್ಣ ಕಾರ್ಖಾನೆಯೊಂದು ಮಾಡಬಲ್ಲುದು?’ ಎಂಬುದು ಪ್ರಶ್ನೆಯ ಮಾತು. ಭದ್ರಾವತಿಗೆ ಬೇಕಾದ ನೆರವುಗಳಲ್ಲಿ ಈ ಎರಡನೆಯ ಬಗೆಯ ಮಾತೂ ಒಂದು.

ಮರಳಿನ ಅಚ್ಚು, ಅಡಕೆಯ ದೋಟಿ

ದೊಡ್ಡ ಕಾರ್ಖಾನೆಯ ಮಾತು ಹಾಗಿರಲಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಎರಕದ ಕೆಲಸ ಈ ಎರಡು ಊರುಗಳಿಗೂ ಕೈವಶವಾದ ವಿದ್ಯೆ. ಅಲ್ಲಿ ದುಡಿಯುವವರಿಗೆ ಟ್ರಿಜ್ ಎಂಬ ಹೆಸರು ಹೊಸದಿರಬಹುದು, ವಿಷಯ ಹೊಸದಲ್ಲ. ಒಳಗೆ ಟೊಳ್ಳಿರುವ ವಸ್ತುವನ್ನು ಎರಕಹೊಯ್ಯುವಾಗ ಅಚ್ಚಿನ ನಡುವೆ ಮರಳಿನ ತಿರುಳೊಂದನ್ನು ಇಡುವರು. ಕರಗಿದ ಕಬ್ಬಿಣ ಬಂದು ಬೀಳುವಾಗ ಆ ತಿರುಳು ಕಲ್ಲಿನಂತೆ ಗಟ್ಟಿಯಾಗಿರಬೇಕು. ಕಬ್ಬಿಣ ಆರಿದ ಮೇಲೆ ಹುಡಿಯಾಗಿ ಉದುರಬೇಕು, ಇಲ್ಲವಾದರೆ ಅದನ್ನು ಹೊರತೆಗೆಯುವುದೇ ಕಷ್ಟ. ಗಟ್ಟಿಯೂ ಆಗಿರಬೇಕು, ಪುಡಿಯೂ ಆಗಬೇಕು! ಮರಳಿಗೆ ಬೆರೆಸಿದ ಅಂಟು ಕಬ್ಬಿಣದ ಕಾವಿನಿಂದಲೇ ಮೆಲ್ಲಗೆ ಸುಟ್ಟುಹೋಗುವುದರಿಂದ ಈ ತೊಡಕು ಬಿಡಿಸಿಕೊಳ್ಳುವುದು. ವಿರೋಧವನ್ನು ಕಾಲದಿಂದ ಬೇರ್ಪಡಿಸಿದ ಉದಾಹರಣೆ ಇದಕ್ಕಿಂತ ಚೆಲುವಾದುದು ಪುಸ್ತಕಗಳಲ್ಲಿ ಸಿಕ್ಕುವುದು ಅಪರೂಪ. ಬೇಕಾದ ಶಕ್ತಿಯನ್ನು ಹೊರಗಿನಿಂದ ತರಲಿಲ್ಲ. ಕೆಲಸದೊಳಗೇ ಇದ್ದ ಬಿಸಿಯನ್ನು ಬಳಸಿದರು.

ಇನ್ನು ತೋಟಗಳ ಕಡೆ ನೋಡುವ. ಅಡಕೆಯೇ ಈ ಸೀಮೆಯ ಜೀವನಾಡಿ. ಮಳೆಗಾಲದ ಕೊಳೆರೋಗ ಅದರ ಪರಮ ಶತ್ರು. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ರೂಢಿಗೊಳಿಸಿದರು. ಔಷಧ ದೊರೆಯಿತು, ಅದನ್ನು ಐವತ್ತು ಅರುವತ್ತು ಅಡಿ ಎತ್ತರದ ಗೊನೆಗೆ ಮುಟ್ಟಿಸುವುದು ಹೇಗೆ? ಜಾರುವ ಮರವನ್ನೇರಿ, ಮರದಿಂದ ಮರಕ್ಕೆ ದಾಟುವ ಕೊನೆಗಾರರ ಸಾಹಸದ ಮೇಲೆ ತೋಟಗಳೆಲ್ಲ ನಿಂತಿದ್ದುವು. ಆ ಸಾಹಸಕ್ಕೆ ಎಷ್ಟೋ ಮಂದಿ ಕೈಕಾಲುಗಳನ್ನೂ ಪ್ರಾಣವನ್ನೂ ತೆತ್ತರು. ಇಂದು ಅವರ ಮಕ್ಕಳು ಮರವೇರಲು ಒಲ್ಲರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ನೆಲದ ಮೇಲೆ ನಿಂತೇ ಸಿಂಪಡಿಸಬೇಕಾದರೆ ದೋಟಿ ಬೇಕು. ದೋಟಿ ಮರದಷ್ಟು ಉದ್ದವಿರಬೇಕು, ಹೊತ್ತೊಯ್ಯುವಾಗ ಗಿಡ್ಡವಿರಬೇಕು. ಬಾಗದಷ್ಟು ಬಿಗಿಯಿರಬೇಕು, ತೋಳು ಸೋಲದಷ್ಟು ಹಗುರವಿರಬೇಕು. ಬಿದಿರಾಗಲಿ ಕಬ್ಬಿಣವಾಗಲಿ ಇಷ್ಟನ್ನೂ ಒಟ್ಟಿಗೆ ಒದಗಿಸಲಾರದು. ಈಚಿನ ವರ್ಷಗಳಲ್ಲಿ ಕಾರ್ಬನ್ ನಾರಿನ ದೋಟಿ ಮಲೆನಾಡಿನ ತೋಟಗಳಿಗೆ ಬಂದಿದೆ. ಟೊಳ್ಳಾದ ಕೊಳವೆಗಳು ಒಂದರೊಳಗೊಂದು ಜಾರಿಕೊಂಡು ಕೂಡುವುವು. ನಾರೂ ಅಂಟೂ ಬೆರೆತ ಪದಾರ್ಥ ಹಗುರವೂ ಬಿಗಿಯೂ ಆಗಿರುವುದು. ಅಲ್ಟ್‌ಶುಲ್ಲರನ ಪಟ್ಟಿಯಲ್ಲಿ ಇವೆರಡೂ ಪ್ರತ್ಯೇಕ ಸೂತ್ರಗಳೇ.

ಆದರೆ ಇಲ್ಲಿಗೆ ಸಮಸ್ಯೆ ಮುಗಿಯಿತೆ? ಇಲ್ಲ. ಕಾರ್ಬನ್ ನಾರು ವಿದ್ಯುತ್ತನ್ನು ಹರಿಯಗೊಡುವ ಪದಾರ್ಥ. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ದೋಟಿಯ ತುದಿ ತಗುಲಿದರೆ, ಹಿಡಿದವನ ಪ್ರಾಣಕ್ಕೇ ಅಪಾಯ. ದೋಟಿ ಕಾರ್ಬನ್ನಿನದೂ ಆಗಿರಬೇಕು, ಆಗಿರಲೂ ಬಾರದು! ಸ್ಥಳದಿಂದ ಬೇರ್ಪಡಿಸೆಂದು ಶಾಸ್ತ್ರ ಹೇಳುವುದು. ಎತ್ತರದ ಭಾಗ ಕಾರ್ಬನ್ನಿನದಾಗಿರಲಿ. ಕೈ ಹಿಡಿಯುವ ಭಾಗ ವಿದ್ಯುತ್ತನ್ನು ತಡೆಯುವ ಗಾಜಿನ ನಾರಿನದಾಗಿರಲಿ. ಮೇಲುನೋಟಕ್ಕೆ ಸಮಸ್ಯೆ ಬಿಡಿಸಿಕೊಂಡಂತೆ ಕಾಣುವುದು. ಆದರೆ ದೋಟಿಯುದ್ದಕ್ಕೂ ಹರಿಯುವ ಔಷಧದ ನೀರಿನ ಕೊಳವೆಯೊಂದಿದೆಯಲ್ಲವೆ? ಮೈಲುತುತ್ತ ಬೆರೆತ ನೀರೂ ವಿದ್ಯುತ್ತಿಗೆ ಹಾದಿಯೇ. ಮಳೆಗಾಲದ ತೇವವೂ ಹಾದಿಯೇ. ಒಂದು ವಿರೋಧವನ್ನು ಬಿಡಿಸಿದೊಡನೆ ಅದರ ಹಿಂದೆ ಅವಿತಿದ್ದ ಇನ್ನೊಂದು ಎದ್ದು ನಿಲ್ಲುವುದು. ಆದುದರಿಂದ ತಂತಿಯ ಹತ್ತಿರ ದೋಟಿಯನ್ನೇ ಎತ್ತದಿರುವುದು ಇಂದಿಗೆ ಇರುವ ಏಕಮಾತ್ರ ರಕ್ಷೆ. ನಾಳೆಗೆ ಏನು ಮಾಡಬೇಕೆಂಬುದನ್ನು ಶಿವಮೊಗ್ಗದ ಯಂತ್ರಶಿಲ್ಪ ವಿದ್ಯಾರ್ಥಿಗಳಿಗೆ ಬಿಡುವೆವು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಈ ಪ್ರಶ್ನೆ ಬಾರದಿರಬಹುದು. ಒಬ್ಬ ಬಡವನ ಜೀವ ಮಾತ್ರ ಇದರಲ್ಲಿ ತೂಗಾಡುತ್ತಿರುವುದು.

ಮಾಡಬೇಕಾದುದೇನು?

ನಮ್ಮ ಸೂಚನೆ ಸರಳವಾದುದು. ಪ್ರತಿಯೊಂದು ಎರಕದ ಕಾರ್ಖಾನೆಯೂ, ಪ್ರತಿಯೊಂದು ಗ್ಯಾರೇಜೂ, ಪ್ರತಿಯೊಂದು ಅಡಕೆ ಸಹಕಾರ ಸಂಘವೂ ತೊಡಕುಗಳ ಪುಸ್ತಕವೊಂದನ್ನಿಡಲಿ. ಅದನ್ನು ಕನ್ನಡದಲ್ಲಿ ಬರೆಯಲಿ. ಕುಲುಮೆಯ ಮುಂದೆ ನಿಂತವನೂ, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುವ ಹೆಂಗಸೂ ಬರೆಯುವಂತಾಗಲಿ. ಬರೆಯಲಾರದವರು ಹೇಳಿ ಬರೆಸಲಿ. ‘ಯಂತ್ರ ಕೆಟ್ಟಿದೆ’ ಎಂದು ಬರೆದರೆ ಸಾಲದು. ‘ಅಲಗು ಹತ್ತಿರವಿದ್ದರೆ ಅಡಕೆಗೆ ಗಾಯವಾಗುವುದು, ದೂರವಿದ್ದರೆ ಸಿಪ್ಪೆ ಬಿಡದು’ ಎಂದು ವಿರೋಧದ ಎರಡು ತುದಿಗಳನ್ನೂ ಬರೆಯಬೇಕು. ಆಮೇಲೆ, ಯಾವ ತಡೆಯೂ ಇಲ್ಲವಾಗಿದ್ದರೆ ಏನಾಗಬೇಕಿತ್ತೆಂದು ಒಂದು ಸಾಲು. ಕೈಯಲ್ಲಿ ಏನೇನಿದೆಯೆಂದು ಇನ್ನೊಂದು ಸಾಲು. ವ್ಯರ್ಥವಾಗುವ ಶಾಖ, ನೀರು, ಹೊಟ್ಟು, ಬೂದಿ, ಬಿಡುವಿನ ಹೊತ್ತು ಎಲ್ಲವೂ ಅದರಲ್ಲಿ ಸೇರಲಿ. ಆ ಬಳಿಕ ಸೂತ್ರಗಳ ಪಟ್ಟಿಯನ್ನು ತೆರೆಯಬಹುದು. ತಿಂಗಳಿಗೊಮ್ಮೆ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಬಂದು ಆ ಪುಸ್ತಕವನ್ನೋದಿ, ಒಂದನ್ನಾದರೂ ಹಿಡಿದು ಕುಳಿತುಕೊಳ್ಳಲಿ. ಉತ್ತರ ದೊರೆತಾಗ, ತೊಡಕನ್ನು ಹೇಳಿದ ಆಳಿನ ಹೆಸರೂ ಅದರ ಪಕ್ಕದಲ್ಲಿರಲಿ; ದೊರೆತ ಲಾಭದಲ್ಲಿ ಅವನಿಗೂ ಪಾಲಿರಲಿ. ಹಂಚಿಕೊಳ್ಳದ ಲಾಭಕ್ಕಾಗಿ ಯಾರೂ ಬುದ್ಧಿಯನ್ನು ಬಿಟ್ಟಿಯಾಗಿ ಕೊಡಲಾರರು.

ಸೂತ್ರಗಳಿಂದ ಗಣಿ ಹುಟ್ಟಲಾರದು, ಬಂಡವಾಳ ಬಾರದು, ಸರ್ಕಾರದ ಹೊಣೆ ತಪ್ಪಲಾರದು. ಮುಚ್ಚಿದ ಬಾಗಿಲಿನ ಮುಂದೆ ಕುಳಿತ ಕಾರ್ಮಿಕನಿಗೆ ‘ಹೊಸದನ್ನು ಕಂಡುಹಿಡಿ’ ಎಂದು ಉಪದೇಶಿಸಿ ಅಧಿಕಾರಿಗಳು ಕೈತೊಳೆದುಕೊಳ್ಳುವುದಾದರೆ ನಾವು ಅದನ್ನು ಮೊದಲು ವಿರೋಧಿಸುವೆವು. ಅವನಿಗೆ ಕೂಲಿ ಬೇಕು, ಭದ್ರತೆ ಬೇಕು. ಆದರೆ ಇವೆಲ್ಲ ದೊರೆತ ದಿನವೂ, ತೊಡಕನ್ನು ತೊಡಕೆಂದು ಸ್ಪಷ್ಟವಾಗಿ ಹೇಳುವ ಅಭ್ಯಾಸವಿಲ್ಲದಿದ್ದರೆ ಕಾರ್ಖಾನೆ ಮತ್ತೆ ಹಳೆಯ ಹಾದಿಯನ್ನೇ ಹಿಡಿಯುವುದು. ಬಂಡವಾಳವನ್ನು ಸಾಲ ತರಬಹುದು. ಈ ಅಭ್ಯಾಸವನ್ನು ಮಾತ್ರ ಸಾಲ ತರಲಾಗದು.

ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯ ಹಣವನ್ನು ವಿಶ್ವೇಶ್ವರಯ್ಯನವರು ತಾವು ಇರಿಸಿಕೊಳ್ಳದೆ, ಬೆಂಗಳೂರಿನಲ್ಲಿ ತರುಣರಿಗೆ ಕಸಬು ಕಲಿಸುವ ಸಂಸ್ಥೆಗೆ ವಿನಿಯೋಗವಾಗುವಂತೆ ಮಾಡಿದರು. 1943ರಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯೇ ಅದು. ಕುಲುಮೆಯಲ್ಲಿ ದೊರೆತುದನ್ನು ವಿದ್ಯೆಗೆ ಹಿಂತಿರುಗಿಸಿದ ಆ ನಡತೆಯಲ್ಲಿ, ಕಬ್ಬಿಣಕ್ಕಿಂತ ಕಬ್ಬಿಣ ಮಾಡುವ ಬುದ್ಧಿಯೇ ನಾಡಿನ ನಿಜವಾದ ಸಂಪತ್ತೆಂಬ ನಂಬಿಕೆಯಿತ್ತು. ಆ ಸಂಪತ್ತು ಇಂದು ಶಿವಮೊಗ್ಗ ಭದ್ರಾವತಿಗಳ ತರುಣರೊಡನೆ ರೈಲು ಹತ್ತಿ ಬೆಂಗಳೂರಿಗೆ ಹೊರಟಿದೆ. ಅದು ಇಲ್ಲಿಯೇ ನಿಲ್ಲುವಂತೆ, ಅದಕ್ಕೆ ಇಲ್ಲಿಯೇ ಕೆಲಸವಿರುವಂತೆ ಮಾಡುವುದು ನಮ್ಮೆಲ್ಲರ ಹೊಣೆ.

ಬೆಂಕಿಪುರದ ಕುಲುಮೆ ಆರಬಹುದು, ಮತ್ತೆ ಹೊತ್ತಬಹುದು. ‘ಎರಡೂ ಬೇಕು, ಹಾದಿ ಎಲ್ಲಿದೆ?’ ಎಂದು ಕೇಳುವ ಕಿಡಿ ಮಾತ್ರ ಆರದಿರಲಿ. ಆ ಕಿಡಿಯಿದ್ದವರಿಗೆ ಹಗಲೂ ಇರುಳೂ ಅಲ್ಲದ ಸಂಜೆಯೊಂದು ಕಂಡೀತು. ಒಳಗೂ ಹೊರಗೂ ಅಲ್ಲದ ಹೊಸಿಲೊಂದು ದೊರೆತೀತು.